ದಾನಮ್ಮನ ಹಿಟ್ಟಿನ ಡಬ್ಬಿ

ದಾನಮ್ಮನ ಮನೆಯಲ್ಲಿ ಏನಾದರೂ ಕಾಣೆಯಾದರೆ ಮೊದಲು ಜೋಳದ ಹಿಟ್ಟಿನ ಡಬ್ಬಿಗೆ ಕೈ ಹಾಕಬೇಕು. ಇದು ಗಂಡ ಭೀಮಪ್ಪನಿಗೂ ಗೊತ್ತು, ಮಗಳು ಮಧುಮತಿಗೂ ಗೊತ್ತು, ಊಟಕ್ಕೆ ಬರುವ ಹುಡುಗರಿಗೂ ಅರ್ಧಂಬರ್ಧ ಗೊತ್ತು. ಬೆಂಡೋಲೆ, ಗ್ಯಾಸಿನ ಪುಸ್ತಕ, ಮಗಳು ಚಿಕ್ಕವಳಿದ್ದಾಗ ಕದ್ದು ತಿನ್ನುತ್ತಿದ್ದ ಕರದಂಟು, ಎಲ್ಲವೂ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಹಿಟ್ಟಿನೊಳಗೆ ಹೋಗಿ ಮಲಗುತ್ತಿದ್ದವು. ಕಳ್ಳ ಬಂದರೆ ಬೀರು ಒಡೆಯುತ್ತಾನೆ, ಹಿಟ್ಟಿಗೆ ಯಾರು ಕೈ ಹಾಕುತ್ತಾರೆ ಎನ್ನುವುದು ಅವಳ ವಾದ. ಮನೆಮಂದಿಗೆಲ್ಲ ಗೊತ್ತಿರುವುದನ್ನು ಗುಟ್ಟು ಎಂದು ನಂಬಿಕೊಂಡು ಬದುಕುವುದರಲ್ಲೂ ಒಂದು ಸುಖವಿದೆ. ದಾನಮ್ಮನ ಆ ಸುಖವನ್ನು ಯಾರೂ ಕೆಡಿಸಲು ಹೋಗಿರಲಿಲ್ಲ.

ಅವರ ಖಾನಾವಳಿ ಇದ್ದದ್ದು ಬಿಟಿಎಂ ಎರಡನೇ ಹಂತದಲ್ಲಿ, ಬೈರಣ್ಣನವರ ಮನೆಯ ಕೆಳಗಿನ ಭಾಗದಲ್ಲಿ. ಬಡಾವಣೆ ಏಳುವ ಮುಂಚೆ ಅಲ್ಲೆಲ್ಲ ಬೈರಣ್ಣನವರ ರಾಗಿ ಹೊಲ. ಹೊಲ ಹೋಗಿ ಸೈಟಾಗಿ, ಸೈಟಿನ ಮೇಲೆ ಬಾಡಿಗೆ ಮನೆಗಳೆದ್ದು, ಬದುವಿನಲ್ಲಿದ್ದ ಬೇವಿನ ಮರವೊಂದು ಮಾತ್ರ ಕಾಂಪೌಂಡಿನ ಮೂಲೆಯಲ್ಲಿ ಉಳಿದಿತ್ತು. ಬೈರಣ್ಣನವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವರ ಹೆಂಡತಿ ಲಕ್ಷ್ಮಿದೇವಮ್ಮನದು. ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯೇ ಆಕೆಯ ಔಷಧಿ ಅಂಗಡಿ. ಬೀದಿಯಲ್ಲಿ ಯಾರು ಸೀನಿದರೂ ಆಕೆಯ ಕಷಾಯದ ಲೋಟ ಬಾಗಿಲಿಗೆ ಬರುತ್ತಿತ್ತು. ಬೇಡ ಎಂದವರಿಗೆ ಎರಡು ಲೋಟ.

ಖಾನಾವಳಿಗೆ ಬರುವವರೆಲ್ಲ ಬಾಗಲಕೋಟೆ, ಗದಗ, ವಿಜಾಪುರದ ಕಡೆಯಿಂದ ಬಂದು ಆಫೀಸುಗಳಲ್ಲಿ, ಕೊರಿಯರ್ ಕಂಪನಿಗಳಲ್ಲಿ ದುಡಿಯುತ್ತಿದ್ದ ಹುಡುಗರು. ಬೆಂಗಳೂರಿನ ಅನ್ನ ಸಾರು ತಿಂದು ತಿಂದು ಸೊರಗಿದವರು ದಾನಮ್ಮನ ಬಿಸಿ ರೊಟ್ಟಿ ಕಂಡರೆ ತವರು ಕಂಡಂತೆ ಕುಣಿಯುತ್ತಿದ್ದರು. ಭೀಮಪ್ಪ ಬಾಗಿಲ ಬಳಿ ನಿಂತು, ಬಂದವರನ್ನು ನೋಡಿ ಒಳಗೆ ಕೂಗುತ್ತಿದ್ದ. "ಮಂದಿ ಬಂತು, ರೊಟ್ಟಿ ಬಡೀ!" ಎಂದರೆ ಇವಳು ಹಿಟ್ಟು ನಾದುತ್ತಿದ್ದಳು. "ಸಾಕು, ಒಲಿ ಆರಿಸು" ಎಂದರೆ ಆರಿಸುತ್ತಿದ್ದಳು. ಗಂಡ ಹೆಂಡತಿಯ ನಡುವೆ ದಿನವಿಡೀ ನಡೆಯುತ್ತಿದ್ದ ಸಂಭಾಷಣೆ ಹೆಚ್ಚು ಕಡಿಮೆ ಇಷ್ಟೇ. ಆದರೂ ಸಂಸಾರ ಚೆನ್ನಾಗಿಯೇ ಸಾಗುತ್ತಿತ್ತು.

ಮಧುಮತಿ ಅವರಿಗೆ ಒಬ್ಬಳೇ ಮಗಳು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಬಂದವರ ಮೂಗಿಗೆ ಫ್ರೇಮು ಕೂರಿಸಿ, ಕನ್ನಡಿ ಹಿಡಿದು, "ಸಾರ್, ಇದು ನಿಮ್ಗೆ ಸಖತ್ತಾಗಿದೆ" ಎಂದು ಅಚ್ಚ ಬೆಂಗಳೂರಿನವಳಂತೆ ಹೇಳುತ್ತಿದ್ದಳು. ಮನೆಗೆ ಬಂದೊಡನೆ "ಅವ್ವಾ, ಹಸ್ತೇತಿ" ಎಂದು ಒಲೆಯ ಮುಂದೆ ಕುಕ್ಕರಿಸುತ್ತಿದ್ದಳು. ಕೊರಿಯರ್ ಆಫೀಸಿನ ಬಸವಂತ ಎನ್ನುವ ಹುಡುಗ ಊಟ ಮುಗಿದ ಮೇಲೂ ಎದ್ದು ಹೋಗದೆ ನೀರು ಕುಡಿಯುತ್ತ ಕೂರುವುದು ಯಾಕೆ ಎಂದು ದಾನಮ್ಮನಿಗೆ ಗೊತ್ತಿತ್ತು. ಅಷ್ಟು ನೀರು ಯಾರೂ ಕುಡಿಯುವುದಿಲ್ಲ. ಹುಡುಗ ಒಳ್ಳೆಯವನು, ತಮ್ಮವನೇ. ಅವಳು ಸುಮ್ಮನೆ ಅವನ ಲೋಟ ತುಂಬುತ್ತಿದ್ದಳು.

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ ಮಧುಮತಿಗೆ ಜ್ವರ ಬಂದು, ಕಣ್ಣು ಹಳದಿಯಾಗಿ, ತಾನಾಗಿಯೇ ಹೋಯಿತು. ಮಳೆಗಾಲದ ಹೊತ್ತಿಗೆ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಹಲ್ಲುಜ್ಜಿದರೆ ರಕ್ತ. ತೋಳಿನ ಮೇಲೆ, ಕಾಲಿನ ಮೇಲೆ, ಯಾರೋ ಹೊಡೆದಂತೆ ನೀಲಿ ಕಲೆಗಳು. "ಬಸ್ಸಿನ್ಯಾಗ ತಾಗಿರಬೇಕವ್ವಾ" ಎನ್ನುತ್ತಿದ್ದಳು. ಬಸ್ಸು ಎಷ್ಟು ಕಡೆ ತಾಗುತ್ತದೆ? ಆಸ್ಪತ್ರೆಗೆ ಸೇರಿಸಿದರು. ಸೊಂಟದ ಎಲುಬಿಗೆ ದಪ್ಪ ಸೂಜಿ ಇಳಿಸಿ ಒಳಗಿನ ಮಜ್ಜೆ ತೆಗೆದು ನೋಡಿದರು.

ರಕ್ತದ ಕಾಯಿಲೆಗಳನ್ನು ನೋಡುವ ಡಾಕ್ಟರ್ ಜಯದೇವಿ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡರು. ಆತುರದ ಹೆಂಗಸಲ್ಲ. ಬೇರೆ ಡಾಕ್ಟರುಗಳಂತೆ ಗೋಡೆಯ ಗಡಿಯಾರ ನೋಡುತ್ತ ಮಾತಾಡಲಿಲ್ಲ.

"ಎಲುಬಿನ ಒಳಗೆ ತಾಯಿ ಕಣಗಳು ಅಂತ ಇರ್ತವೆ ಅಮ್ಮಾ. ಮೈಯಲ್ಲಿರೋ ರಕ್ತವೆಲ್ಲ ಹುಟ್ಟೋದು ಅವುಗಳಿಂದಲೇ. ಆದ್ರೆ ಎಷ್ಟು ಹುಟ್ಟಿಸ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಅವಷ್ಟೇ ತೀರ್ಮಾನ ಮಾಡಲ್ಲ. ಮೈ ಕಾಯೋ ಕಣಗಳು ಬೇರೆ ಇವೆ. ಜ್ವರ ಬಂದ್ರೆ ಅವು ತಾಯಿ ಕಣಗಳಿಗೆ ಹೇಳಿ ಕಳಿಸ್ತವೆ, ಬೇಗ ಬೇಗ ಸೈನ್ಯ ಮಾಡು ಅಂತ. ಜ್ವರ ಇಳಿದ್ಮೇಲೆ ಸಾಕು ಅಂತ. ನೀವು ಏನು ಕೆಲಸ ಮಾಡ್ತೀರಿ?"

"ಖಾನಾವಳಿರಿ. ರೊಟ್ಟಿ ಊಟ."

"ಬಾಗಿಲಲ್ಲಿ ಯಾರು ನಿಂತಿರ್ತಾರೆ?"

"ಇವ್ರರಿ."

"ಇವ್ರು ಜನ ಇದ್ರೂ ಇಲ್ದಿದ್ರೂ ಒಂದೇ ಸಮ 'ಸಾಕು, ಒಲೆ ಆರಿಸು' ಅಂತ ಕೂಗ್ತಾನೇ ಇದ್ರೆ?"

"ಆರಿಸ್ತೀನ್ರಿ" ಎಂದಳು ದಾನಮ್ಮ.

"ನಿಮ್ಮ ಮಗಳ ಮೈಯಲ್ಲಿ ಆಗಿರೋದು ಅದೇ. ಬೇಸಿಗೇಲಿ ಬಂದ ಜ್ವರ ಯಾವತ್ತೋ ಹೋಯ್ತು. ಆದ್ರೆ ಕಾಯೋ ಕಣಗಳು ಕೂಗೋದು ನಿಲ್ಲಿಸಿಲ್ಲ. ಬರೀ ಕೂಗೋದಲ್ಲ, ಒಲೆನೇ ಒಡೀತಿದ್ದಾವೆ. ಮಜ್ಜೆ ಖಾಲಿಯಾಗ್ತಾ ಇದೆ."

ಒಡಹುಟ್ಟಿದವರಿದ್ದು ಹೊಂದಿಕೆಯಾಗಿದ್ದರೆ ಅವರ ಮಜ್ಜೆ ಹಾಕಬಹುದಿತ್ತಂತೆ. ಒಬ್ಬಳೇ ಮಗಳಾದ್ದರಿಂದ ಆ ಬಾಗಿಲು ಮುಚ್ಚಿತ್ತು. ಉಳಿದ ದಾರಿ ಒಂದೇ: ಕಾಯುವ ಕಣಗಳ ಬಾಯಿ ಮುಚ್ಚಿಸುವುದು. ಕುದುರೆಯ ರಕ್ತದಿಂದ ತಯಾರಿಸಿದ ಔಷಧಿಯನ್ನು ನರಕ್ಕೆ ಹನಿಸುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಗುಳಿಗೆ.

"ಹಂಗಂದ್ರ ಆಕಿ ಮೈಯಾಗಿನ ಶಕ್ತಿ ಕಮ್ಮಿ ಮಾಡ್ತೀರೇನ್ರಿ?" ದಾನಮ್ಮ ಕೇಳಿದಳು.

"ಹೂಂ. ಆ ಶಕ್ತೀನೇ ಅವಳನ್ನ ತಿಂತಾ ಇದೆ."

ಭೀಮಪ್ಪ ತಲೆಯಾಡಿಸಿದ. ದಾನಮ್ಮ ತಲೆಯಾಡಿಸಲಿಲ್ಲ. ಹುಟ್ಟಿದಾಗಿನಿಂದ ಮಗಳಿಗೆ ಶಕ್ತಿ ಬರಲೆಂದು ಹಾಲು, ತುಪ್ಪ, ಅಂಟಿನುಂಡೆ ತಿನ್ನಿಸಿದವಳು ಅವಳು. ಊರಿನ ಹುಡುಗರಿಗೆಲ್ಲ ಶಕ್ತಿ ಬಡಿಸುವುದೇ ಅವಳ ಕಸುಬು. ಶಕ್ತಿ ಕುಗ್ಗಿಸಿ ಮಗಳನ್ನು ಉಳಿಸುತ್ತೇನೆ ಎಂದರೆ ಅದನ್ನು ನಂಬುವುದಾದರೂ ಹೇಗೆ? ಡಾಕ್ಟರು ಹೇಳಿದ ಒಲೆಯ ಮಾತು ಅವಳಿಗೆ ಅರ್ಥವಾಗಿತ್ತು. ಅರ್ಥವಾದದ್ದೆಲ್ಲ ಮನಸ್ಸಿಗೆ ಇಳಿಯುವುದಿಲ್ಲ, ಅಷ್ಟೇ.

ಕುದುರೆ ಔಷಧಿಗೆ ಮಧುಮತಿ ಚಳಿ ಬಂದು ನಡುಗಿದಳು, ಮೈಯೆಲ್ಲ ದದ್ದು ಎದ್ದಿತು. ಆದರೂ ತಡೆದುಕೊಂಡಳು. ಮನೆಗೆ ಬಂದ ಮೇಲೆ ದಿನಕ್ಕೆರಡು ಹೊತ್ತು ಗುಳಿಗೆ. ಬೆಳ್ಳಿ ಹಾಳೆ ಹರಿದರೆ ಸಾಕು, ಸಾರಾಯಿಗೆ ಹಳೆಯ ಎಣ್ಣೆ ಬೆರೆಸಿದಂಥ ನಾತ. ಗುಳಿಗೆ ತರುವುದು ಭೀಮಪ್ಪನ ಕೆಲಸ, ಹರಿದು ಮಗಳ ಅಂಗೈಗೆ ಹಾಕುವುದು ದಾನಮ್ಮನ ಕೆಲಸ. ಮಧುಮತಿ ಮೂಗು ಹಿಡಿದು ನುಂಗುತ್ತಿದ್ದಳು.

ಅದೇ ಹೊತ್ತಿಗೆ ಲಕ್ಷ್ಮಿದೇವಮ್ಮನ ಲೋಟವೂ ಬರತೊಡಗಿತು.

"ಈ ಇಂಗ್ಲಿಷ್ ಮಾತ್ರೆ ಒಂದು ಕಡೆ ಇರ್ಲಿ ಕಣಮ್ಮ. ಮೈಗೆ ತಡ್ಕೊಳೋ ಶಕ್ತಿ ಬೇಡ್ವಾ? ಅಮೃತಬಳ್ಳಿ ಕುಡಿದೋರಿಗೆ ಕಾಯಿಲೆ ಹತ್ರ ಸುಳಿಯಲ್ಲ. ನಮ್ಮ ಯಜಮಾನ್ರು ಎಂಬತ್ತು ವರ್ಷ ಬಾಳಿದ್ದು ಇದ್ರಿಂದಾನೇ."

"ಆಗ್ಲಿರಿ ಅಕ್ಕಾರ" ಎಂದಳು ದಾನಮ್ಮ. ಶಕ್ತಿ ಎನ್ನುವ ಮಾತು ಕೇಳಿಯೇ ಅವಳಿಗೆ ಅರ್ಧ ಜೀವ ಬಂದಿತ್ತು. ಡಾಕ್ಟರಿಗೆ ಹೇಳಲಿಲ್ಲ. ಹೇಳುವಂಥದ್ದೇನು, ಸೊಪ್ಪು ಸದೆ ತಾನೇ ಎಂದುಕೊಂಡಳು. ಮುದುಕಿ ದಿನವೂ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಹತ್ತಿ ಬಳ್ಳಿ ಕೊಯ್ದು, ಜಜ್ಜಿ, ಕುದಿಸಿ ತರುತ್ತಿದ್ದಳು. ಆ ಪ್ರೀತಿಯಲ್ಲಿ ಒಂದು ಹನಿ ಕೊರತೆಯಿರಲಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಮಧುಮತಿಯ ತುಟಿಗೆ ಬಣ್ಣ ಬಂತು. ಒಸಡಿನ ರಕ್ತ ನಿಂತಿತು, ನೀಲಿ ಕಲೆಗಳು ಮಾಸಿದವು. ಬೇರೆಯವರ ರಕ್ತ ಏರಿಸುವುದು ತಪ್ಪಿತು. "ಒಲೆ ಹತ್ತಿಕೊಂಡಿದೆ ದಾನಮ್ಮ" ಎಂದು ಡಾಕ್ಟರು ನಕ್ಕರು. ಭೀಮಪ್ಪ ಡಾಕ್ಟರಿಗೆ ಕೈ ಮುಗಿದ. ದಾನಮ್ಮ ಮನೆಗೆ ಬಂದು ಬೇವಿನ ಮರಕ್ಕೆ ಕೈ ಮುಗಿದಳು. ಎರಡು ಔಷಧಿ ಒಟ್ಟಿಗೆ ಕೊಟ್ಟಾಗ ಯಾವುದು ಕೆಲಸ ಮಾಡಿತು ಎನ್ನುವುದನ್ನು ಮನುಷ್ಯರು ಮನಸ್ಸಿಗೆ ಬಂದಂತೆ ತೀರ್ಮಾನಿಸುತ್ತಾರೆ. ನಾತ ಹೊಡೆಯುವ ಗುಳಿಗೆಗಿಂತ ಕಣ್ಣೆದುರು ಬೆಳೆಯುವ ಬಳ್ಳಿ ಅವಳಿಗೆ ಹತ್ತಿರದ್ದಾಗಿ ಕಂಡಿತು.

ಬಣ್ಣದ ಜೊತೆಗೇ ಇನ್ನೊಂದು ಬಂತು. ಮಧುಮತಿಯ ಮೇಲ್ದುಟಿಯ ಮೇಲೆ, ಕೆನ್ನೆಯ ಬದಿಗೆ, ಹಣೆಗೆ ಕರಿ ಕೂದಲು ಮೂಡತೊಡಗಿದವು. ಒಸಡು ಊದಿ ಹಲ್ಲಿನ ಮೇಲೆ ಇಳಿಯಿತು. ಗುಳಿಗೆ ತಿಂದರೆ ಹೀಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವಳು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಳು. ಕನ್ನಡಕದ ಅಂಗಡಿಯೆಂದರೆ ಗೋಡೆಗೊಂದು ಕನ್ನಡಿ, ಟೇಬಲ್ಲಿಗೊಂದು ಕನ್ನಡಿ. ಅವಳು ಎಲ್ಲಿ ತಿರುಗಿದರೂ ಅವಳ ಮುಖವೇ. ಸಂಜೆ ಮನೆಗೆ ಬಂದು, "ಅವ್ವಾ, ಇವತ್ತ ಒಂದು ಸಣ್ಣ ಕೂಸು ನನ್ನ ನೋಡಿ ಅಂಕಲ್ ಅಂತು" ಎಂದು ನಗಲು ನೋಡಿದಳು. ನಗು ಬರದೆ ಅಳು ಬಂತು. ದಾನಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾನೂ ಅತ್ತಳು.

ಬಸವಂತನ ಲಕ್ಷ್ಯ ಮಾತ್ರ ಬದಲಾಗಿರಲಿಲ್ಲ. ಅವನು ಇನ್ನೂ ನೀರು ಕುಡಿಯುತ್ತಲೇ ಇದ್ದ. ಯುಗಾದಿ ಮುಗಿದ ಮೇಲೆ ಭೀಮಪ್ಪನ ಬಳಿ ಬಂದು, ನೆಲ ನೋಡುತ್ತ, ಊರಿನಿಂದ ತನ್ನ ಅವ್ವ ಮುರಿಗೆವ್ವ ಹುಡುಗಿ ನೋಡಲು ಬರುತ್ತಾಳೆಂದು ಹೇಳಿದ. ಕಾಯಿಲೆಯ ಸಂಗತಿ ಅವನಿಗೆ ಗೊತ್ತು. ಅವ್ವನಿಗೂ ಹೇಳಿದ್ದಾನೆ. ಅವ್ವ ಒಂದು ಸಲ ಕಣ್ಣಾರೆ ನೋಡಿ ಹೂಂ ಅನ್ನಬೇಕು, ಅಷ್ಟೇ.

ಕಣ್ಣಾರೆ ನೋಡುವುದು ಎನ್ನುವ ಮಾತು ದಾನಮ್ಮನ ಎದೆಗೆ ನಾಟಿತು.

ತಿಂಗಳಿಗೊಮ್ಮೆ ಮಧುಮತಿ ಮನೆಯ ಹತ್ತಿರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ವರದಿ ಒಯ್ದು ಡಾಕ್ಟರಿಗೆ ತೋರಿಸುವುದು ದಾನಮ್ಮ. ಆ ಸಲ ಅವಳು ಡಾಕ್ಟರ ಎದುರು ಕೂತು, ಗುಳಿಗೆ ಸ್ವಲ್ಪ ದಿನ ಬಿಡಬಹುದೇ ಎಂದು ಕೇಳಿದಳು. ಮಗಳಿಗೆ ಮದುವೆಯ ಮಾತುಕತೆ ಇದೆ, ಮುಖ ಹಿಂಗಾಗಿದೆ ಎಂದಳು.

"ಬೇಡಿ ಅಮ್ಮಾ. ಕೂದಲು ಹೋಗತ್ತೆ, ಅದು ನನ್ನ ಜವಾಬ್ದಾರಿ. ಆದ್ರೆ ಈಗಲ್ಲ. ಕಾಯೋ ಕಣಗಳು ಸತ್ತಿಲ್ಲ, ಬರೀ ಬಾಯಿ ಮುಚ್ಕೊಂಡಿವೆ. ಮಾತ್ರೆ ಬಿಟ್ರೆ ಮತ್ತೆ ಶುರು ಮಾಡ್ತವೆ. ಮುಂದಿನ ವರ್ಷ ನಿಧಾನಕ್ಕೆ ಇಳಿಸೋಣ."

ಮುಂದಿನ ವರ್ಷ! ಮುರಿಗೆವ್ವ ಬರುವುದು ಮುಂದಿನ ತಿಂಗಳು.

ಬಸ್ಸಿನಲ್ಲಿ ಬರುವಾಗ ದಾನಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಮಗಳು ಚೇತರಿಸಿದ್ದು ಬಳ್ಳಿಯಿಂದ, ಕುರೂಪಿಯಾದದ್ದು ಗುಳಿಗೆಯಿಂದ ಎಂದು ಅವಳ ಮನಸ್ಸು ಯಾವತ್ತೋ ತೀರ್ಪು ಕೊಟ್ಟಾಗಿತ್ತು. ಇಳಿಯುವ ಹೊತ್ತಿಗೆ ಸುಳ್ಳು ತಯಾರಾಗಿತ್ತು. ಮಗಳು ಮನೆಗೆ ಬಂದೊಡನೆ ಹೇಳಿದಳು:

"ಡಾಕ್ಟ್ರು ಗುಳಿಗಿ ಸಾಕು ಅಂದ್ರವಾ. ಎಲ್ಲಾ ಛಲೋ ಐತಂತ. ಆದ್ರ ಅಪ್ಪಗ ಹೇಳಬ್ಯಾಡ. ಅವ್ನು ಹೆದ್ರಿ ದವಾಖಾನಿಗೆ ಓಡ್ತಾನ, ಡಾಕ್ಟ್ರ ಜೀವ ತಿಂತಾನ. ಮದ್ವಿ ಮಾತು ಮುಗೀಲಿ, ನಾನ ಹೇಳ್ತೀನಿ."

ಮಧುಮತಿ ತಾಯಿಯ ಕುತ್ತಿಗೆಗೆ ಜೋತುಬಿದ್ದಳು. "ಖರೇನಾ ಅವ್ವಾ?" ಎಂದು ಮತ್ತೆ ಮತ್ತೆ ಕೇಳಿದಳು. ಖರೇ ಎಂದಳು ದಾನಮ್ಮ. ಮಗಳ ಆ ಸಂತೋಷವನ್ನು ನೋಡಿ, ತಾನು ಮಾಡಿದ್ದು ಸರಿಯೇ ಎಂದು ಅವಳಿಗೆ ಇನ್ನೂ ಗಟ್ಟಿಯಾಯಿತು.

ಭೀಮಪ್ಪ ಎಂದಿನಂತೆ ಗುಳಿಗೆ ತರುತ್ತಿದ್ದ. ಅವನ ಕಣ್ಣಿಗೆ ಹರಿದ ಬೆಳ್ಳಿ ಹಾಳೆ ಬೀಳಬೇಕಲ್ಲ! ಹಾಗಾಗಿ ದಾನಮ್ಮ ದಿನವೂ ಹಾಳೆ ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದಳು. ಗುಳಿಗೆ ಎಸೆಯಲು ಕೈ ಬರಲಿಲ್ಲ, ಅಷ್ಟು ದುಬಾರಿ. ಮೊದಲ ದಿನ ಅಭ್ಯಾಸದಂತೆ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದು, ನಿಂತು, ಮುಚ್ಚಿದಳು. ಜೋಳದ ಹಿಟ್ಟು ಪಕ್ಕದಲ್ಲಿಟ್ಟ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಈ ನಾತ ಹಿಟ್ಟಿಗೆ ಹತ್ತಿದರೆ ರೊಟ್ಟಿ ಯಾರು ತಿಂದಾರು? ಸ್ಟೂಲು ಹಾಕಿಕೊಂಡು ಅಟ್ಟದ ಮೇಲಿಂದ ಮಧುಮತಿ ಶಾಲೆಗೆ ಒಯ್ಯುತ್ತಿದ್ದ ಸ್ಟೀಲಿನ ಬುತ್ತಿ ಡಬ್ಬಿ ಇಳಿಸಿದಳು. ಗಟ್ಟಿ ಮುಚ್ಚಳದ ಡಬ್ಬಿ. ಗುಳಿಗೆ ಅದರೊಳಗೆ ಹಾಕಿ, ಮತ್ತೆ ಅಟ್ಟದ ಮೇಲೆ ಹಳೆಯ ಕೌದಿಗಳ ಹಿಂದೆ ತಳ್ಳಿದಳು. ಅಮೃತಬಳ್ಳಿಯ ಕಷಾಯವನ್ನು ಎರಡು ಹೊತ್ತು ಮಾಡಲು ಲಕ್ಷ್ಮಿದೇವಮ್ಮನಿಗೆ ಹೇಳಿದಳು.

ಕೂದಲು ತೆಳುವಾದವು. ಒಸಡು ಇಳಿಯಿತು. ಮುರಿಗೆವ್ವ ಬಂದಾಗ ಮಧುಮತಿ ಇಳಕಲ್ ಸೀರೆಯುಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ಕೂತಿದ್ದಳು. ಮುದುಕಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ನನ್ನ ಮಗ ಸುಮ್ನ ನೀರು ಕುಡಿದಿಲ್ಲ ಬಿಡು" ಎಂದಳು. ಎಲ್ಲರೂ ನಕ್ಕರು. ಬಸವಂತನ ಕಿವಿ ಕೆಂಪಾಯಿತು. ಶ್ರಾವಣದಲ್ಲಿ ನಿಶ್ಚಯ ಎಂದಾಯಿತು. ದಾನಮ್ಮನ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಮತ್ತೆ ಬರಲಿಲ್ಲ.

ರಕ್ತ ಪರೀಕ್ಷೆಯನ್ನು ಆ ತಿಂಗಳು ಬೇಕೆಂದೇ ಮುಂದೆ ಹಾಕಿದಳು. ಮದುವೆ ಮನೆಯ ಗಡಿಬಿಡಿ ಎಂದು ಅದರ ಮುಂದಿನ ತಿಂಗಳೂ ಹಾಕಿದಳು. ಶ್ರಾವಣಕ್ಕೆ ಇನ್ನೂ ವಾರವಿರುವಾಗ ಒಂದು ಬೆಳಿಗ್ಗೆ ಮಧುಮತಿ ಬಚ್ಚಲಿನಿಂದ ಕರೆದಳು. ಮೂಗಿನಿಂದ ರಕ್ತ ಇಳಿಯುತ್ತಿತ್ತು. ಒತ್ತಿ ಹಿಡಿದರೂ ನಿಲ್ಲಲಿಲ್ಲ. ತೋಳೆತ್ತಿ ನೋಡಿದರೆ ಚರ್ಮದ ತುಂಬ ಸಾಸಿವೆ ಚೆಲ್ಲಿದಂತೆ ಕೆಂಪು ಚುಕ್ಕೆಗಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಜಯದೇವಿ ವರದಿ ನೋಡಿದವರೇ ತಲೆಯೆತ್ತಿದರು. ಹಾಸಿಗೆಯ ಒಂದು ಬದಿಗೆ ಭೀಮಪ್ಪ, ಇನ್ನೊಂದು ಬದಿಗೆ ದಾನಮ್ಮ ನಿಂತಿದ್ದರು.

"ಮಾತ್ರೆ ನಿಲ್ಲಿಸಿದ್ರಾ? ನಾನು ನಿಲ್ಲಿಸ್ಬೇಡಿ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದ್ದೆನಲ್ಲಾ!"

ಮಧುಮತಿ ತಾಯಿಯ ಕಡೆ ನೋಡಿದಳು. ಒಂದೇ ಕ್ಷಣ. ಆ ಕ್ಷಣದಲ್ಲಿ ಹುಡುಗಿಯ ಕಣ್ಣೊಳಗೆ ಏನೋ ಒಂದು ಬಂದು, ಕೂತು, ನೆಲೆಯಾದದ್ದನ್ನು ದಾನಮ್ಮ ಕಂಡಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಮಧುಮತಿ ಹೇಳಿಬಿಟ್ಟಳು.

"ನಾನೇ ನಿಲ್ಲಿಸ್ದೆ ಮೇಡಂ. ಅವ್ವ ಕೊಡ್ತಿದ್ಲು, ನಾನು ನುಂಗಿದ ಹಾಗೆ ಮಾಡಿ ಉಗುಳ್ತಿದ್ದೆ. ಮುಖದ ಮೇಲೆ ಕೂದಲು ಬರ್ತಿತ್ತಲ್ಲಾ, ಅದಕ್ಕೆ."

ಭೀಮಪ್ಪ ಗೋಡೆ ಹಿಡಿದುಕೊಂಡ. "ಎಂಥ ಕೆಲಸ ಮಾಡ್ದೆವಾ!" ಎಂದ. ಡಾಕ್ಟರಿಗೆ ಸಿಟ್ಟು ಬಂದು, ಸಿಟ್ಟು ಇಳಿದು, ಕೊನೆಗೆ ಅವಳ ಹಣೆ ಮುಟ್ಟಿದರು. ಬೇರೆ ಏನಾದರೂ ಕೊಡುತ್ತಿದ್ದಿರಾ ಎಂದು ಕೇಳಿದಾಗ ಕಷಾಯದ ಮಾತು ಹೊರಬಂತು. "ಅದ್ರಿಂದ ಎಷ್ಟು ಹಾನಿ ಆಯ್ತೋ ನಾನು ಹೇಳಕ್ಕಾಗಲ್ಲ. ಆದ್ರೆ ಇವಳಿಗೆ ಬೇಡದೇ ಇದ್ದಿದ್ದು ಅದೇ. ನಾವು ಬಾಯಿ ಮುಚ್ಸೋಕೆ ನೋಡ್ತಿರೋರಿಗೆ ನೀವು ಊಟ ಹಾಕ್ತಿದ್ರಿ" ಎಂದರು. ದಾನಮ್ಮ ನಿಂತಲ್ಲೇ ನಿಂತಿದ್ದಳು. ಹೇಳಬೇಕಾಗಿದ್ದನ್ನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ.

ಕುದುರೆ ಔಷಧಿಯನ್ನು ಮತ್ತೆ ಹನಿಸಿದರು. ಈ ಸಲ ಒಲೆ ಹತ್ತಲಿಲ್ಲ. ಲಕ್ಷ್ಮಿದೇವಮ್ಮ ಫ್ಲಾಸ್ಕಿನಲ್ಲಿ ಕಷಾಯ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿ ಬರುತ್ತಿದ್ದಳು. ದಾನಮ್ಮ ಇಸಿದುಕೊಂಡು, ಆಕೆ ಹೋದ ಮೇಲೆ ಬಚ್ಚಲಿಗೆ ಸುರಿಯುತ್ತಿದ್ದಳು. ಆ ಮುದುಕಿಗೆ ಯಾರೂ ಏನೂ ಹೇಳಬಾರದೆಂದು ಮಧುಮತಿ ಎಲ್ಲರಿಂದ ಮಾತು ತೆಗೆದುಕೊಂಡಿದ್ದಳು.

ಒಂದು ಮಧ್ಯಾಹ್ನ ಭೀಮಪ್ಪ ಪ್ಲೇಟ್ಲೆಟ್ ಕೊಡುವವರನ್ನು ಹುಡುಕಿಕೊಂಡು ಹೋಗಿದ್ದ. ತಾಯಿ ಮಗಳು ಇಬ್ಬರೇ. ಜ್ವರದಲ್ಲಿ ಬೇಯುತ್ತಿದ್ದ ಮಧುಮತಿ ತಾಯಿಯ ಕೈ ಎಳೆದು ತನ್ನ ಕೆನ್ನೆಯ ಕೆಳಗಿಟ್ಟುಕೊಂಡಳು.

"ಅವ್ವಾ, ನೀ ಅಳಬ್ಯಾಡ. ಡಾಕ್ಟ್ರು ಗುಳಿಗಿ ಸಾಕು ಅಂದಿಲ್ಲ ಅನ್ನೂದು ನನಗ ಮೊದಲ ಗೊತ್ತಿತ್ತು."

"ಏನು ಗೊತ್ತಿತ್ತವಾ?"

"ನೀ ಹಿಟ್ಟಿನ ಡಬ್ಬ್ಯಾಗ ಗುಳಿಗಿ ಮುಚ್ಚಿಟ್ಟಿದ್ದು ನಾ ನೋಡಿದ್ದೆ. ಕೈ ಹಾಕಿ ನೋಡಿದ್ದೆ. ನೋಡಿ ಸುಮ್ನಿದ್ದೆ. ನನಗೂ ನನ್ನ ಮುಖ ಬೇಕಾಗಿತ್ತು. ತಪ್ಪು ಇಬ್ಬರದೂ. ನಿನ್ನ ಒಬ್ಬಾಕಿದು ಅಲ್ಲ."

ಹಿಟ್ಟಿನ ಡಬ್ಬಿಯಲ್ಲಿ ಗುಳಿಗೆ ಒಂದು ದಿನವೂ ಇರಲಿಲ್ಲ. ಮಗಳು ಏನನ್ನೂ ನೋಡಿರಲಿಲ್ಲ. ಅವ್ವ ಏನನ್ನಾದರೂ ಅಡಗಿಸಿದರೆ ಅಲ್ಲೇ ಅಡಗಿಸುತ್ತಾಳೆ ಎಂದು ಊಹಿಸಿ, ಹಾಸಿಗೆಯ ಮೇಲೆ ಮಲಗಿಕೊಂಡೇ ಈ ಸುಳ್ಳನ್ನು ಹೊಲಿದಿದ್ದಳು. ಅವ್ವನ ಮಾತು ನಂಬಿ, ಕುತ್ತಿಗೆಗೆ ಜೋತುಬಿದ್ದು, ಖರೇನಾ ಎಂದು ಕೇಳಿ, ಸಾವಿನ ಕಡೆ ನಡೆದ ಹುಡುಗಿ ಈಗ ತಾಯಿಯ ತಪ್ಪಿನಲ್ಲಿ ಪಾಲು ಕೇಳುತ್ತಿದ್ದಳು.

"ಹೌದವಾ" ಎಂದಳು ದಾನಮ್ಮ. "ಹಿಟ್ಟಿನ ಡಬ್ಬ್ಯಾಗ ಇಟ್ಟಿದ್ದೆ."

ಮಗಳಿಗೆ ಸಮಾಧಾನವಾಯಿತು. ಕಣ್ಣು ಮುಚ್ಚಿದಳು. ಅದಾಗಿ ಕೆಲವೇ ದಿನಕ್ಕೆ ಜ್ವರ ರಕ್ತಕ್ಕೇರಿ ಹೋಗಿಬಿಟ್ಟಳು. ಊರಿಗೆ ಒಯ್ದು, ವಿಭೂತಿ ಹಚ್ಚಿ, ಮಣ್ಣು ಮಾಡಿ ಬಂದರು.

ಖಾನಾವಳಿ ಮತ್ತೆ ತೆರೆಯಿತು. ತೆರೆಯದೆ ಬೇರೆ ಗತಿಯಿರಲಿಲ್ಲ. ಭೀಮಪ್ಪ ಬಾಗಿಲಲ್ಲಿ ನಿಂತು ಕೂಗುತ್ತಿದ್ದ, ದಾನಮ್ಮ ಒಳಗೆ ಬಡಿಯುತ್ತಿದ್ದಳು. ಆದರೆ ಭೀಮಪ್ಪನ ದುಃಖ ಹೊರಬರುವಾಗ ಸಿಟ್ಟಾಗಿ ಬರುತ್ತಿತ್ತು. ಯಾರಾದರೂ ಮಗಳ ಮಾತೆತ್ತಿದರೆ, "ಚೆಂದದ ಹುಚ್ಚು! ಮಾರಿ ಚೆಂದ ಕಾಣಬೇಕಂತ ಜೀವ ಕಳಕೊಂಡ್ಳು" ಎನ್ನುತ್ತಿದ್ದ. ಅವಳ ಫೋಟೋವನ್ನು ಗೋಡೆಗೆ ಹಾಕಲೂ ಬಿಟ್ಟಿರಲಿಲ್ಲ. ಲಕ್ಷ್ಮಿದೇವಮ್ಮ ಬಂದು, "ಒಂದಿನಾನೂ ಕಷಾಯ ತಪ್ಸಿರ್ಲಿಲ್ವಲ್ಲಮ್ಮ, ಆದ್ರೂ ಉಳೀಲಿಲ್ಲ ಮಗು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಾಗ ದಾನಮ್ಮ ಸುಮ್ಮನೆ ಆಕೆಯ ಕೈ ಹಿಡಿದುಕೊಂಡಿದ್ದಳು. ಆಕೆಗೆ ಹೇಳುವುದಿಲ್ಲವೆಂದು ಮಗಳಿಗೆ ಮಾತು ಕೊಟ್ಟಾಗಿತ್ತು. ಗಂಡನ ಮಾತಿಗೆ ಮಾತ್ರ ಪ್ರತಿಸಲವೂ ತುಟಿವರೆಗೆ ಬಂದದ್ದನ್ನು ನುಂಗಿಕೊಳ್ಳುತ್ತಿದ್ದಳು. ಮಗಳು ಕಟ್ಟಿಕೊಟ್ಟು ಹೋದ ಸುಳ್ಳು ಬೆಚ್ಚಗಿತ್ತು. ಅದರೊಳಗೆ ಅಡಗಿ ಕೂರುವುದು ಸುಲಭವಾಗಿತ್ತು.

ಮರುವರ್ಷ ಶ್ರಾವಣದಲ್ಲಿ ಒಂದು ದಿನ, ಮಧ್ಯಾಹ್ನದ ಊಟದವರೆಲ್ಲ ಹೋದ ಮೇಲೆ, ಭೀಮಪ್ಪನೂ ಬಸವಂತನೂ ಉಣ್ಣಲು ಕೂತಿದ್ದರು. ಬಸವಂತ ಊಟಕ್ಕೆ ಬರುವುದನ್ನು ನಿಲ್ಲಿಸಿರಲಿಲ್ಲ. ನೀರು ಕುಡಿಯುತ್ತ ಕೂರುವುದನ್ನು ಮಾತ್ರ ನಿಲ್ಲಿಸಿದ್ದ. ಆ ದಿನ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

"ಕಾಕಾ, ಆಕೀನ್ನ ನಾನ ಕೊಂದೆ" ಎಂದ. "ನಮ್ಮವ್ವ ನೋಡಾಕ ಬರ್ತಾಳ ಅಂತ ನಾ ಹೇಳಬಾರ್ದಿತ್ತು. ಆಕಿಗೆ ಗಡ್ಡ ಮೀಸಿ ಬಂದಿದ್ರೂ ನಾ ಮದ್ವಿ ಆಗ್ತಿದ್ದೆ. ಒಂದು ಮಾತು ಆಕಿಗೆ ಹಂಗ ಹೇಳಿದ್ರ ಗುಳಿಗಿ ಬಿಡ್ತಿದ್ದಿಲ್ಲ."

"ನಿಂದೇನೂ ತಪ್ಪಿಲ್ಲ ಬಿಡೋ" ಎಂದ ಭೀಮಪ್ಪ. "ಆಕಿ ಬುದ್ಧೀನ ಹಂಗ. ತಾಯಿ ಕೈಯಾರೆ ಕೊಟ್ಟಿದ್ದು ಉಗುಳಿದಾಕಿ. ತಾಯಿಗೇ ಮೋಸ ಮಾಡಿದಾಕಿ."

ಒಲೆಯ ಮುಂದಿದ್ದ ದಾನಮ್ಮ ಎದ್ದಳು. ಸ್ಟೂಲು ಎಳೆದಳು. ಅಟ್ಟದ ಮೇಲಿನ ಕೌದಿಗಳನ್ನು ಸರಿಸಿ, ಸ್ಟೀಲಿನ ಬುತ್ತಿ ಡಬ್ಬಿ ಇಳಿಸಿ, ಇಬ್ಬರ ತಾಟುಗಳ ನಡುವೆ ಇಟ್ಟು ಮುಚ್ಚಳ ತೆಗೆದಳು. ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿದ್ದ ಗುಳಿಗೆಗಳು. ಆ ನಾತ ಅಡುಗೆ ಮನೆಯ ತುಂಬ ಹರಡಿತು. ಆಸ್ಪತ್ರೆಯ ದಿನಗಳೆಲ್ಲ ಎದ್ದು ಬಂದು ಎದುರಿಗೆ ಕೂತಂತಾಯಿತು.

"ಆಕಿ ಉಗುಳಿಲ್ಲ" ಎಂದಳು. "ಆಕಿ ಕೈಗೆ ಇವು ಮುಟ್ಟೇ ಇಲ್ಲ. ಡಾಕ್ಟ್ರು ಬಿಡಬ್ಯಾಡ ಅಂದ್ರು. ನಾ ಬಂದು, ಸಾಕು ಅಂದ್ರು ಅಂತ ಹೇಳಿದೆ. ನಿಮ್ಮ ಕಣ್ಣಿಗೆ ಬೀಳ್ಲಿ ಅಂತ ದಿನಾ ಹಾಳಿ ಹರೀತಿದ್ದೆ. ಆಕಿ ನಾ ಹೇಳಿದ್ದು ನಂಬಿದ್ಳು, ಅಷ್ಟ."

ಭೀಮಪ್ಪ ಡಬ್ಬಿಯನ್ನು ನೋಡುತ್ತಿದ್ದ. ಬದಿಯಲ್ಲಿ ಮೊಳೆಯಿಂದ ಕೊರೆದ ಮಗಳ ಹೆಸರಿತ್ತು. ಕೊರೆದವನು ಅವನೇ. ಎಂಜಲು ಕೈ ತಾಟಿನಲ್ಲೇ ಒಣಗಿತು. ಬಸವಂತ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಗಂಡ ಹೊಡೆದರೆ ಹೊಡೆಯಲಿ ಎಂದು ದಾನಮ್ಮ ಕಾದಳು. ಹೊಡೆದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಹೊಡೆಯಲಿಲ್ಲ. ಮಗುವಿನ ಹಾಗೆ ಕೇಳಿದ.

"ಮತ್ತ ಆಕಿ ಯಾಕ ಹಂಗ ಅಂದ್ಳು?"

"ಆಕಿ ಹೋಗಾಕಿ" ಎಂದಳು ದಾನಮ್ಮ. "ನೀವು ನನ್ನ ಸಂಗಾಟ ಇರಬೇಕಾಗಿತ್ತಲ್ರಿ, ಅದಕ್ಕ."

ಭೀಮಪ್ಪ ಕೈ ತೊಳೆಯಲಿಲ್ಲ. ಎದ್ದು ಒಳಗೆ ಹೋದ. ಟ್ರಂಕಿನ ತಳದಿಂದ ಮಗಳ ಫೋಟೋ ತೆಗೆದು, ಅಂಗಿಯ ತುದಿಯಿಂದ ಗಾಜು ಒರೆಸುತ್ತ ನೆಲದ ಮೇಲೆ ಕೂತ. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ದಾನಮ್ಮ ಹತ್ತಿರ ಹೋಗಲಿಲ್ಲ. ಹೋಗುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಹೊರಗೆ ಬಿಸಿಲು ಇಳಿಯಿತು. ಸಂಜೆಯ ಮೊದಲ ಹುಡುಗರು ಬೈಕು ನಿಲ್ಲಿಸಿ, ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು ಕರೆದರು. "ಕಾಕಾ, ರೊಟ್ಟಿ ಅದಾವೇನ್ರಿ?"

ದಾನಮ್ಮ ಅಭ್ಯಾಸದಿಂದ ಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿ, ಗಂಡನ ಕೂಗಿಗಾಗಿ ಕಾದಳು.

ಭೀಮಪ್ಪ ಫೋಟೋ ಹಿಡಿದುಕೊಂಡೇ ಬಾಗಿಲಿಗೆ ಹೋದ.

"ಇವತ್ತ ಇಲ್ರಪ್ಪಾ" ಎಂದ. "ನಾಳೆ ಬರ್ರಿ."